ಹಳದಿ ಕಾರ್ಡಿನ ಐದನೇ ಹೆಸರು

"ಇದ್ರಲ್ಲಿ ನನ್ನ ಹೆಸರು ಯಾಕಿದೆ?"

ಡಾರ್ಸಿ ಹಾಲಿನ ಕ್ಯಾನು ಹಿಡಿದುಕೊಂಡು ಫ್ರಿಜ್ಜಿನ ಮುಂದೆ ನಿಂತಿದ್ದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಳದಿ ಕಾರ್ಡನ್ನು ಓದುತ್ತಿದ್ದಳು.

ಬ್ರೆಡ್ಡಿಗೆ ಪೀನಟ್ ಬಟರ್ ಸವರುತ್ತಿದ್ದ ಲಿಡಿಯಾ ತಿರುಗಿ ನೋಡಿದಳು. ಅವರ ಮನೆಯಲ್ಲಿ ಎಲ್ಲರಿಗೂ ಅಂಥ ಒಂದೊಂದು ಕಾರ್ಡ್ ಇತ್ತು. ಮೇಲೆ 'ನಾನು ಪ್ರಾರ್ಥಿಸುವ ಐವರು' ಎಂದು ಅಚ್ಚಾಗಿತ್ತು. ಚರ್ಚಿಗೆ ಇನ್ನೂ ಬಾರದ ಐದು ಜನರ ಹೆಸರು ಅದರಲ್ಲಿ ಬರೆಯಬೇಕು. ದಿನಾ ಅವರಿಗಾಗಿ ಪ್ರಾರ್ಥಿಸಬೇಕು. ಸಿಕ್ಕಾಗಲೆಲ್ಲ ಅವರನ್ನು ಚರ್ಚಿಗೆ ಕರೆಯಬೇಕು. ಬಂದವರ ಹೆಸರಿನ ಮುಂದೆ ಟಿಕ್ ಹಾಕಬೇಕು.

ಲಿಡಿಯಾಳ ಅಪ್ಪನೇ ಆ ಚರ್ಚಿನ ಪಾಸ್ಟರ್. ವಾರವಿಡೀ ಸ್ಕೂಲ್ ಬಸ್ ಓಡಿಸುತ್ತಾನೆ, ಭಾನುವಾರ ಬೋಧನೆ ಮಾಡುತ್ತಾನೆ.

"ಅದಾ? ಪ್ರಾರ್ಥನೆ ಕಾರ್ಡು ಕಣೇ. ಅದ್ರಲ್ಲಿ ಹೆಸರಿದ್ರೆ ಒಳ್ಳೇದೇ."

"ಮೇಲೆ ಆಗಸ್ಟ್ ಇಪ್ಪತ್ತು ಅಂತ ಬರ್ದಿದೆ."

"ಹೂಂ."

"ನಾನು ಸ್ಕೂಲಿಗೆ ಸೇರಿದ್ದೇ ಆವತ್ತು. ನೀನು ನನ್ನ ಹತ್ರ ಬಂದು ಕೂತಿದ್ದು ಮಾರನೇ ದಿನ, ಊಟದ ಹೊತ್ತಿಗೆ."

ಲಿಡಿಯಾ ಬ್ರೆಡ್ಡಿಗೆ ಇನ್ನಷ್ಟು ಪೀನಟ್ ಬಟರ್ ಸವರಿದಳು. ಉತ್ತರ ಕೊಟ್ಟವನು ಮೇಜಿನ ಕೆಳಗೆ ಆಟದ ಟ್ರ್ಯಾಕ್ಟರ್ ಓಡಿಸುತ್ತಿದ್ದ ತಮ್ಮ ಸೈಲಸ್.

"ಅಕ್ಕಂಗೆ ಐದನೇ ಹೆಸರು ಸಿಕ್ಕೇ ಇರ್ಲಿಲ್ಲ. ಅತ್ಕೊಂಡು ಕೂತಿದ್ಲು. ಆಗ ಅಪ್ಪ, ನನ್ನ ಬಸ್ಸಿಗೆ ಒಬ್ಬ ಹೊಸ ಹುಡುಗಿ ಬಂದಿದ್ದಾಳಲ್ಲ, ಅವಳ ಹೆಸರು ಬರ್ಕೋ ಅಂದ್ರು. ಅದೇ ನೀನು."

"ನಾನೇನೂ ಅಳ್ತಿರ್ಲಿಲ್ಲ. ಸುಮ್ನಿರೋ."

ಡಾರ್ಸಿ ಹಾಲಿನ ಕ್ಯಾನನ್ನು ಫ್ರಿಜ್ಜಿನೊಳಗಿಟ್ಟಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಕುರ್ಚಿಯ ಮೇಲಿದ್ದ ಜಾಕೆಟ್ ತೆಗೆದುಕೊಂಡು ಹಾಕಿಕೊಂಡಳು.

"ನಾನು ಹೋಗ್ತೀನಿ."

"ಸ್ಯಾಂಡ್‌ವಿಚ್ ಆಯ್ತಲ್ಲೇ."

"ನಂಗೆ ಬೇಡ. ಟಿಕ್ ಹಾಕೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ."

ಲಿಡಿಯಾ ಕಿಟಕಿಯಿಂದ ನೋಡುತ್ತ ನಿಂತಳು. ಡಾರ್ಸಿ ತಲೆ ತಗ್ಗಿಸಿಕೊಂಡು, ಕಟಾವಾದ ಮೆಕ್ಕೆಜೋಳದ ಹೊಲದ ಪಕ್ಕದ ರಸ್ತೆಯಲ್ಲಿ ನಡೆದುಹೋದಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ಡಾರ್ಸಿಯ ಹತ್ತಿರ ಮೊದಲ ಸಲ ಕೂತ ದಿನ ಊಟದ ಹೊತ್ತಿಗೆ ಏನಾಗಿತ್ತೆಂದು ಲಿಡಿಯಾ ನೆನಪು ಮಾಡಿಕೊಂಡಳು. ಸ್ಕೂಲಿನಲ್ಲಿ ಖಾರದ ಚಿಲಿ ಸಾರಿನ ಜೊತೆಗೆ ಸಿನಮನ್ ರೋಲ್ ಎಂಬ ದಾಲ್ಚಿನ್ನಿಯ ಸಿಹಿ ಬನ್ನು ಕೊಟ್ಟಿದ್ದರು. ಅವರ ನೆಬ್ರಾಸ್ಕಾ ರಾಜ್ಯದಲ್ಲಿ ಎಲ್ಲ ಸ್ಕೂಲಲ್ಲೂ ಹಾಗೇ ಕೊಡುತ್ತಾರೆ. ಹೊರ ರಾಜ್ಯದಿಂದ ಬಂದಿದ್ದ ಡಾರ್ಸಿ ಮಾತ್ರ ತಟ್ಟೆಯನ್ನೇ ಅನುಮಾನದಿಂದ ನೋಡುತ್ತಿದ್ದಳು. ಲಿಡಿಯಾ ರೋಲನ್ನು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡದ್ದನ್ನು ಕಂಡು ಅವಳಿಗೆ ನಗು ಬಂದು, ಮೂಗಿನಿಂದ ಹಾಲೇ ಹೊರಗೆ ಬಂದಿತ್ತು.

ಅದೆಲ್ಲ ಸರಿಯಾಗಿ ನೆನಪಿತ್ತು. ಆದರೆ ಆ ಮೇಜಿಗೆ ತಾನು ಹೋದದ್ದು ಯಾಕೆ? ಕಾರ್ಡಿಗೋಸ್ಕರವೇ? ಸುಮ್ಮನೆಯೇ? ಅದೊಂದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸೋಮವಾರ ಡಾರ್ಸಿ ಬೇರೆ ಮೇಜಿಗೆ ಹೋಗಿ ಕೂತಳು. ಬಸ್ಸಿನಲ್ಲೂ ಮುಂದಿನ ಸೀಟು ಹಿಡಿದಳು.

"ಡಾರ್ಸಿ, ಭಾನುವಾರ ನೀನೂ ನಿಮ್ಮ ಚಿಕ್ಕಮ್ಮನೂ ಬರ್ತೀರಿ ತಾನೇ?" ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿ ನಗುತ್ತ ಕೇಳಿದ. ಆ ಭಾನುವಾರ 'ಗೆಳೆಯರ ಭಾನುವಾರ'. ಎಲ್ಲರೂ ಒಬ್ಬೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಬರಬೇಕು.

"ಗೊತ್ತಿಲ್ಲ," ಎಂದಳು ಡಾರ್ಸಿ. ಲಿಡಿಯಾ ಹಿಂದಿನ ಸೀಟಿನಲ್ಲಿ ಮುದುಡಿ ಕೂತಳು. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಡಾರ್ಸಿ ಬರುತ್ತಾಳೆಂದು ಅವನು ಚರ್ಚಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದ.

ಬುಧವಾರ ಸಂಜೆ ಅಮ್ಮ ಎರಡು ಮನೆ ಆಚೆ ಇರುವ ಮಿಸ್ಟರ್ ಕ್ರೂಗರ್‌ಗೆ ಕೋಳಿ ಸೂಪ್ ಕೊಡಲು ಹೊರಟಳು. ಲಿಡಿಯಾ ಬ್ರೆಡ್ಡಿನ ಪೊಟ್ಟಣ ಹಿಡಿದು ಜೊತೆಗೆ ನಡೆದಳು.

"ಅಮ್ಮ, ಮಿಸ್ಟರ್ ಕ್ರೂಗರ್ ಯಾವತ್ತಾದ್ರೂ ಚರ್ಚಿಗೆ ಬಂದಿದ್ದಾರಾ?"

"ಎಲ್ಲಿ ಬರ್ತಾರೆ? ಆರು ವರ್ಷದಿಂದ ಕರೀತಿದ್ದೀನಿ. ಮಂಡಿನೋವು ಅಂತಾರೆ. ಮೀನು ಹಿಡಿಯೋಕೆ ಹೋಗುವಾಗ ಮಾತ್ರ ಆ ಮಂಡಿ ಸರಿಯಾಗಿರುತ್ತೆ."

"ಅವರು ಬರೋದೇ ಇಲ್ಲ ಅಂತ ಗೊತ್ತಾದ್ರೆ ಸೂಪ್ ಕೊಡೋದು ನಿಲ್ಲಿಸ್ತೀಯಾ?"

"ಇಲ್ಲಪ್ಪ. ಯಾಕೆ ಹಾಗೆ ಕೇಳ್ತಿದ್ದೀಯಾ?"

ಲಿಡಿಯಾ ಎಲ್ಲವನ್ನೂ ಹೇಳಿದಳು. ಕಾರ್ಡು, ತಾರೀಖು, ಸೈಲಸ್‌ನ ಬಾಯಿ, ಬೇರೆ ಮೇಜು. ಅಮ್ಮ ನಡೆಯುವುದನ್ನು ನಿಲ್ಲಿಸಿದಳು. ಸೂಪಿನ ಪಾತ್ರೆಯನ್ನು ಯಾರದೋ ಬೇಲಿಯ ಕಂಬದ ಮೇಲಿಟ್ಟಳು.

"ನಿಜ ಹೇಳ್ಲಾ? ಒಬ್ಬರ ವಿಷಯದಲ್ಲಿ ಹಾಗೆ ನಿಲ್ಲಿಸಿದ್ದೆ ಕಣೇ. ಆಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಗೇಲ್ ಅಂತ ಒಬ್ಬಳಿದ್ಲು. ಪ್ರತಿ ಶುಕ್ರವಾರ ಅವಳ ಮನೇಲಿ ಕಾಫಿ ಕುಡೀತಿದ್ವಿ. ಒಂದಿನ ಅವಳು, ನಂಗೆ ಚರ್ಚು ಬೇಡ, ಇನ್ಮೇಲೆ ಕರೀಬೇಡ ಅಂದ್ಲು. ಆಮೇಲೆ ನಾನು ಬಿಜಿ ಆಗ್ಬಿಟ್ಟೆ."

"ಏನು ಕೆಲಸ ಇತ್ತು?"

"ಏನೂ ಇರ್ಲಿಲ್ಲ."

ಅಮ್ಮನ ಮುಖ ಕೆಂಪಗಾಗಿತ್ತು. ಅಮ್ಮನನ್ನು ಹಾಗೆ ಲಿಡಿಯಾ ಯಾವತ್ತೂ ನೋಡಿರಲಿಲ್ಲ.

"ಹಾಗಾದ್ರೆ ಚರ್ಚಿಗೆ ಕರೆಯೋದು ತಪ್ಪಾ ಅಮ್ಮ?"

"ತಪ್ಪು ಹೇಗಾಗುತ್ತೆ? ನಂಗೆ ಯೇಸು ಅಂದ್ರೆ ಪ್ರಾಣ. ಅಷ್ಟು ಇಷ್ಟ ಆಗಿರೋದನ್ನ ಬೇರೆಯವ್ರಿಗೆ ಹೇಳ್ದೆ ಹೇಗಿರ್ಲಿ?"

"ಮತ್ತೆ ಡಾರ್ಸಿಗೆ ಯಾಕೆ ಬೇಜಾರಾಯ್ತು?"

ಅಮ್ಮ ಸೂಪಿನ ಪಾತ್ರೆಯನ್ನು ಮತ್ತೆ ಕೈಗೆತ್ತಿಕೊಂಡಳು. "ನಂಗೂ ಪೂರ್ತಿ ಗೊತ್ತಾಗ್ತಿಲ್ಲ. ನಡಿ, ಸೂಪ್ ಆರೋಗುತ್ತೆ."

ಲಿಡಿಯಾಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಅಮ್ಮನಿಗೇ ಗೊತ್ತಿಲ್ಲ ಎಂದ ಮೇಲೆ ಇನ್ನು ಯಾರನ್ನು ಕೇಳುವುದು?

ಶನಿವಾರ ಅವಳು ಸೈಕಲ್ ಹತ್ತಿ ಟೈರ್ ಅಂಗಡಿಗೆ ಹೋದಳು. ಅದರ ಮಹಡಿಯಲ್ಲೇ ಡಾರ್ಸಿ ಮತ್ತು ವಾಂಡಾ ಚಿಕ್ಕಮ್ಮ ಇದ್ದದ್ದು. ಡಾರ್ಸಿ ಹೊರಗಿನ ಮೆಟ್ಟಿಲ ಮೇಲೆ ಕೂತು ಒಂದು ದೊಡ್ಡ ಕುಂಬಳಕಾಯಿಯ ತಿರುಳನ್ನು ಸ್ಪೂನಿನಿಂದ ಕೆರೆದು ತೆಗೆಯುತ್ತಿದ್ದಳು. ಮೊಣಕೈವರೆಗೂ ಬೀಜ ಅಂಟಿಕೊಂಡಿತ್ತು. ಲಿಡಿಯಾಳನ್ನು ಕಂಡರೂ ಕೆರೆಯುವುದನ್ನು ನಿಲ್ಲಿಸಲಿಲ್ಲ.

ದಾರಿಯುದ್ದಕ್ಕೂ ಲಿಡಿಯಾ ಕ್ಷಮೆ ಕೇಳುವ ಒಳ್ಳೆಯ ಮಾತೊಂದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಬಾಯಿಂದ ಬಂದದ್ದೇ ಬೇರೆ.

"ನಾಳೆ ಬರ್ಬೇಡ."

ಡಾರ್ಸಿ ತಲೆಯೆತ್ತಿದಳು. "ಏನು?"

"ಚರ್ಚಿಗೆ. ಬರ್ಬೇಡ."

"ನಿಮ್ಮಪ್ಪ ದಿನಾ ಬಾ ಬಾ ಅಂತಾರೆ. ನೀನು ಇಲ್ಲಿವರೆಗೂ ಬಂದು ಬರ್ಬೇಡ ಅಂತೀಯಾ. ನಿಮ್ಮ ಮನೇಲಿ ಎಲ್ರಿಗೂ ತಲೆ ಸರಿಯಿದೆಯಾ?"

"ನಾನು ಆವತ್ತು ಯಾಕೆ ನಿನ್ನ ಹತ್ರ ಕೂತೆ ಅಂತ ನಂಗೆ ಗೊತ್ತಿಲ್ಲ ಡಾರ್ಸಿ. ನಿಜವಾಗ್ಲೂ ನೆನಪಾಗ್ತಿಲ್ಲ. ಬಹುಶಃ ಕಾರ್ಡಿಗೋಸ್ಕರಾನೇ ಇರ್ಬೇಕು."

ಡಾರ್ಸಿಯ ಕೈ ನಿಂತಿತು. "ಅದರ ಮಾರನೇ ದಿನ?"

"ಮಾರನೇ ದಿನ ಕಾರ್ಡು ನೆನಪೇ ಇರ್ಲಿಲ್ಲ. ನಿನ್ನ ಮೂಗಿಂದ ಹಾಲು ಬಂದಿದ್ದೇ ನೆನಪಿತ್ತು."

ಡಾರ್ಸಿಯ ತುಟಿ ಸ್ವಲ್ಪ ಅಲುಗಿತು. ಅವಳು ತಕ್ಷಣ ಕುಂಬಳಕಾಯಿಯೊಳಗೆ ಮುಖ ಬಗ್ಗಿಸಿದಳು.

"ನೀನು ನಾಳೆ ಬಂದ್ರೆ ಎಲ್ರೂ ಚಪ್ಪಾಳೆ ತಟ್ತಾರೆ," ಎಂದಳು ಲಿಡಿಯಾ. "ಆಮೇಲೆ ನೀನು ನಂಗೆ ಗೆಳತಿಯೋ ಕಾರ್ಡಿನ ಹೆಸರೋ ಅಂತ ನಂಗೇ ಗೊತ್ತಾಗಲ್ಲ. ಅದಕ್ಕೆ ಬರ್ಬೇಡ ಅಂದಿದ್ದು."

"ಹೇಳಿದ್ದಾಯ್ತಲ್ಲ, ಹೋಗು. ನಂಗಿನ್ನೂ ಕೋಪ ಇದೆ."

ಲಿಡಿಯಾ ಸೈಕಲ್ ತಿರುಗಿಸಿದಳು.

ಭಾನುವಾರ ಬೆಳಗ್ಗೆ ಅಪ್ಪ ನಲವತ್ತು ಕುರ್ಚಿ ಹಾಕಿದ. ಚರ್ಚು ಇರುವುದು ಹಿಂದೊಮ್ಮೆ ಚಪ್ಪಲಿ ಅಂಗಡಿಯಾಗಿದ್ದ ಕಟ್ಟಡದಲ್ಲಿ. ಎಂದೂ ಅಲ್ಲಿ ಮೂವತ್ತೊಂದು ಕುರ್ಚಿಗಿಂತ ಹೆಚ್ಚು ತುಂಬಿದ್ದಿಲ್ಲ.

"ಅಪ್ಪ, ಡಾರ್ಸಿ ಬರಲ್ಲ. ನಾನೇ ಬರ್ಬೇಡ ಅಂದೆ."

ಕುರ್ಚಿ ಬಿಡಿಸುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿತು. "ನೀನೇ ಅಂದ್ಯಾ?"

"ಹೂಂ."

ಅಪ್ಪನ ಮುಖ ಸಣ್ಣದಾಯಿತು. ಏನೋ ಹೇಳಲು ಹೊರಟವನು ಅಮ್ಮನ ಕಡೆ ನೋಡಿದ. ಅಮ್ಮ ಈಗ ಬೇಡವೆಂದು ತಲೆ ಅಲ್ಲಾಡಿಸಿದಳು. "ಆಮೇಲೆ ಮಾತಾಡೋಣ ಪುಟ್ಟಿ," ಎಂದು ಹೇಳಿ ಅವನು ಉಳಿದ ಕುರ್ಚಿಗಳನ್ನೂ ಬಿಡಿಸಿದ.

ಹಾಡುಗಳು ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ತಮ್ಮ ತಮ್ಮ ಐವರಿಗಾಗಿ ಪ್ರಾರ್ಥಿಸಿದರು. ಡಾರ್ಸಿಯ ಸರದಿ ಬಂದಾಗ ಲಿಡಿಯಾ ಮನಸ್ಸಿನಲ್ಲೇ ಹೇಳಿಕೊಂಡಳು: ನಾಳೆ ಭಿನ್ನರಾಶಿ ಟೆಸ್ಟ್ ಇದೆ, ಅವಳಿಗೆ ಛೇದ ಯಾವುದು ಅಂಶ ಯಾವುದು ಅಂತ ಯಾವಾಗಲೂ ಮರೆತುಹೋಗುತ್ತೆ, ನೆನಪಿರೋ ಹಾಗೆ ಮಾಡು. ವಾಂಡಾ ಚಿಕ್ಕಮ್ಮನ ಕೈಗೆ ಎಣ್ಣೆ ಸಿಡಿದಿದೆ, ಅದು ವಾಸಿಯಾಗಲಿ. ಡಾರ್ಸಿಯ ಕೋಪ ಇಳಿಯದಿದ್ದರೂ ಪರವಾಗಿಲ್ಲ, ಅವಳು ಒಬ್ಬಳೇ ಕೂತು ಊಟ ಮಾಡೋ ಹಾಗೆ ಆಗದಿರಲಿ.

ಆಮೆನ್ ಅಂದ ಮೇಲೆ ಅವಳಿಗೆ ನೆನಪಾಯಿತು. ಡಾರ್ಸಿ ಚರ್ಚಿಗೆ ಬರಲಿ ಎಂದು ಕೇಳುವುದನ್ನೇ ಮರೆತಿದ್ದಳು. ಮತ್ತೆ ಮೊದಲಿನಿಂದ ಶುರುಮಾಡಬೇಕೇ ಎಂದು ಕಣ್ಣು ಮುಚ್ಚಿದಳು. ಆಮೇಲೆ ಬೇಡವೆನಿಸಿ ತೆರೆದಳು.

ಎಲ್ಲರೂ ಹೋದ ಮೇಲೆ ಮನೆಯವರು ಕುರ್ಚಿ ಮಡಚುತ್ತಿದ್ದಾಗ ಬಾಗಿಲ ಗಂಟೆ ಸದ್ದು ಮಾಡಿತು. ರಬ್ಬರ್ ಬೂಟು ಹಾಕಿಕೊಂಡು ಡಾರ್ಸಿ ನಿಂತಿದ್ದಳು.

"ಮುಗೀತಾ?"

"ಈಗ ತಾನೇ ಮುಗೀತು."

"ನದಿ ಹತ್ರ ಕಾಡುಬಾತುಗಳು ಇಳಿದಿವೆ. ನೂರಾರು. ಬರ್ತೀಯಾ?"

ಅಪ್ಪ ಮಡಚಿದ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದ. "ಚೆನ್ನಾಗಿದ್ದೀಯಾ ಡಾರ್ಸಿ? ಮುಂದಿನ ಭಾನುವಾರವಾದ್ರೂ..." ಎಂದು ಶುರುಮಾಡಿದ.

ಲಿಡಿಯಾ ಆಗಲೇ ಗೋಡೆಗೆ ನೇತುಹಾಕಿದ್ದ ಕೋಟುಗಳ ಕೆಳಗೆ ತೂರಿ ತನ್ನ ಬೂಟು ಹುಡುಕುತ್ತಿದ್ದಳು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹಿಂದೆ ಡಾರ್ಸಿ ಏನೋ ಉತ್ತರ ಕೊಟ್ಟದ್ದು, ಅದಕ್ಕೆ ಅಪ್ಪ ನಕ್ಕದ್ದು ಕೇಳಿಸಿತು.

"ಬೇಗ ಬಾರೇ, ಹಾರಿಹೋಗ್ತವೆ."

ಕೊನೆಗೆ ಇನ್ನೊಂದು ಬೂಟೂ ಸಿಕ್ಕಿತು, ಇಬ್ಬರೂ ಹೊರಗೆ ಓಡಿದರು. ಸೇತುವೆಯ ಹತ್ತಿರ ಬಂದಾಗ, ಡಾರ್ಸಿ ಬರುತ್ತೇನೆ ಅಂದಳೋ ಬರುವುದಿಲ್ಲ ಅಂದಳೋ ತಾನು ಕೇಳಿಸಿಕೊಳ್ಳಲೇ ಇಲ್ಲ ಎಂದು ಲಿಡಿಯಾಗೆ ಹೊಳೆಯಿತು. ಅಷ್ಟರಲ್ಲಿ ಮುಂದೆ ಬಾತುಗಳ ಗಲಾಟೆ ಕೇಳಿಸತೊಡಗಿತು. ಡಾರ್ಸಿ ತುಟಿಯ ಮೇಲೆ ಬೆರಳಿಟ್ಟಳು. ಲಿಡಿಯಾ ಸದ್ದು ಮಾಡದೆ ಅವಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು.