ನನ್ನ ಮ್ಯಾಟ್ ದಾಟಿ ಹೋದ ಮೇಷ್ಟ್ರು

ಮೂರು ವಾರದಿಂದ ಸಂಜೆ ಬ್ಯಾಚಿನ ಯೋಗ ಮೇಷ್ಟ್ರು ನನ್ನ ಮ್ಯಾಟ್ ದಾಟಿಕೊಂಡು ಹೋಗುತ್ತಿದ್ದರು.

ಎಡಗಡೆ ಬ್ಯಾಂಕಿನವರ ಬೆನ್ನು ನೇರ ಮಾಡುವರು. ಬಲಗಡೆ ಅಜ್ಜಿಯ ಮೊಣಕಾಲಿನ ಕೆಳಗೆ ದಿಂಬು ಇಡುವರು. ನನ್ನ ಹತ್ತಿರ ಬಂದರೆ ಮಾತ್ರ ಎರಡು ಹೆಜ್ಜೆ ದೂರದಲ್ಲೇ ನಿಂತು, ಗೋಡೆ ನೋಡುತ್ತಾ, "ಭುಜ ಕೆಳಗೆ" ಎನ್ನುವರು. ಹೇಳಿದ ಮಾತು ಕೇಳುವ ಭುಜವಾಗಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ? ದಿನವಿಡೀ ನನ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಅದು ಕಿವಿಯವರೆಗೆ ಏರಿ ಕೂತಿತ್ತು.

ಮೊದಲ ತಿಂಗಳು ಹೀಗಿರಲಿಲ್ಲ. ಕೇಳಿ, ಒಪ್ಪಿಗೆ ಪಡೆದು, ಬೆನ್ನ ಮೇಲೆ ಎರಡು ಬೆರಳಿಟ್ಟು "ಇಲ್ಲಿಗೆ ಉಸಿರು ಕಳಿಸಿ" ಎನ್ನುತ್ತಿದ್ದರು. ಉಸಿರು ಹೋಗುತ್ತಿತ್ತು, ಮನಸ್ಸೂ ಅದರ ಹಿಂದೆಯೇ ಹೋಗುತ್ತಿತ್ತು. ಅದು ಅವರಿಗೆ ಗೊತ್ತಾಗಿ ದೂರ ಸರಿದರೇನೋ ಎಂದು ನಾಚಿಕೆಯಿಂದ ಸತ್ತುಹೋಗಿದ್ದೆ.

ಗುರುವಾರ ಕ್ಲಾಸ್ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ತಡೆಯಲಾಗಲಿಲ್ಲ.

"ಸರ್, ನನಗೇನು ಅಂಟುರೋಗ ಇದ್ಯಾ?"

ಅವರು ಮಡಿಸಿದ್ದ ಕಂಬಳಿಯನ್ನು ಬಿಚ್ಚಿ ಮತ್ತೆ ಮಡಿಸಿದರು.

"ತಪ್ಪು ನಿಮ್ಮದಲ್ಲ. ಕ್ಲಾಸಲ್ಲಿ ಮುಟ್ಟೋ ಕೈಗೆ ಒಂದೇ ಕೆಲಸ ಇರ್ಬೇಕು. ನಿಮ್ಮ ಹತ್ತಿರ ಬಂದ್ರೆ ನನ್ನ ಕೈ ಭುಜ ಮರೆತುಬಿಡುತ್ತೆ. ಹಾಗೆ ಮುಟ್ಟೋದು ಮೋಸ."

ಅವರ ಮುಖ ಕೆಂಪಾಗಿತ್ತು. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು.

"ಮತ್ತೆ ನನ್ನ ಭುಜದ ಗತಿ?"

"ಬೆಳಗಿನ ಬ್ಯಾಚಿಗೆ ಹೋಗಿ. ನಮ್ಮ ಅಕ್ಕ ನನಗಿಂತ ಚೆನ್ನಾಗಿ ಕಲಿಸ್ತಾಳೆ."

ಸೋಮವಾರ ಹೋದೆ. ಅಕ್ಕ ಭುಜ ಒತ್ತಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು.

"ಮೂರು ವಾರದಿಂದ ಊಟಕ್ಕೆ ಕೂತ್ರೂ ನನ್ನ ತಮ್ಮಂದು ಇದೇ ಭುಜದ ಸುದ್ದಿ. ಇವತ್ತು ನೋಡ್ದೆ," ಎಂದು ನಕ್ಕರು.

ಕೆಳಗಿಳಿದರೆ ಮೆಟ್ಟಿಲ ಬಳಿ ಅವರೇ! ಸಂಜೆಯ ಮೇಷ್ಟ್ರಿಗೆ ಬೆಳಗ್ಗೆ ಇಲ್ಲೇನು ಕೆಲಸ ಎಂದು ನಾನು ಕೇಳಲಿಲ್ಲ.

"ಈಗ ನಾನು ನಿಮ್ಮ ಸ್ಟೂಡೆಂಟ್ ಅಲ್ಲ," ಎಂದೆ.

"ಗೊತ್ತು," ಎಂದರು. ಅಷ್ಟೇ. ಇವರನ್ನು ನಂಬಿಕೊಂಡು ಕೂತರೆ ಮುದುಕಿಯಾಗುತ್ತೇನೆ ಅನ್ನಿಸಿತು.

"ನೀವಂದ್ರೆ ನಂಗಿಷ್ಟ. ಸಂಜೆ ಆರಕ್ಕೆ ಅಂಗಡಿ ಮುಚ್ತೀನಿ, ಬರ್ತೀರಾ?"

"ಆರೂವರೆಗೆ ಕ್ಲಾಸ್ ಇದ್ಯಲ್ಲ... ಅಕ್ಕನ್ನ ಕೇಳ್ಬೇಕು..."

ಮೇಲಿನ ಕಿಟಕಿಯಿಂದ ಅಕ್ಕನ ದನಿ ಬಂತು. "ಕ್ಲಾಸ್ ನಾನು ತಗೋತೀನಿ, ಹೋಗೋ ಮಾರಾಯ!"

ಸಂಜೆ ರಸ್ತೆ ದಾಟುವಾಗ ಅವರು ನನ್ನ ಕೈ ಹಿಡಿದುಕೊಂಡರು. ಅದರಲ್ಲಿ ತಿದ್ದುವುದೇನೂ ಇರಲಿಲ್ಲ.