ಗಾಯಕ್ಕೆ ಮೊದಲೇ ಬಂದ ಬೆಳ್ಳಿ

ಗೆರೆ ದಾಟುತ್ತಿದ್ದ ಚೆಂಡನ್ನು ಹಿಡಿಯಲು ಹಾರಿದ ಮಾದೇಶ್ ಬಂದು ಬಿದ್ದದ್ದು ಮೈದಾನದ ಮೆಟ್ಟಿಲ ಮೇಲೆ ಕುಳಿತಿದ್ದ ಶೃತಿಯ ಕಾಲ ಬಳಿ.

ನೋವಿಗೆ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಿಕ್ಕಿದ್ದು ಅವಳ ಕೈ.

ಕೊಳ್ಳೇಗಾಲದ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಈ ಉದ್ದನೆಯ ಹುಡುಗನನ್ನು ಅವಳು ಎಷ್ಟೋ ದಿನದಿಂದ ದೂರದಿಂದಲೇ ನೋಡುತ್ತಿದ್ದಳು. ಒಂದು ಸಲ ಹತ್ತಿರದಿಂದ ನೋಡಬೇಕು, ಒಂದು ಮಾತಾಡಬೇಕು ಎಂದು ಆಸೆಪಟ್ಟಿದ್ದಳು. ಆದರೆ ಹೀಗಲ್ಲ...

"ಎಲ್ಲಿ ನೋಯ್ತಿದೆ?" ಎಂದಳು.

"ಎಡ ಮಂಡಿ..."

ಶೃತಿಯ ಮೈ ತಣ್ಣಗಾಯಿತು.

ಅದೇ ವಾರ ಅವಳು ತನ್ನ ಕೈಯಾರೆ ಬೆಳ್ಳಿ ತಗಡಿನಲ್ಲಿ ಒಂದು ಎಡಗಾಲು ಕತ್ತರಿಸಿ ಕೊಟ್ಟಿದ್ದಳು. ಮಂಡಿಯ ಜಾಗದಲ್ಲಿ ಒಂದು ಚುಕ್ಕೆ ಹಾಕಿಸಿಕೊಂಡಿದ್ದಳು ಅದನ್ನು ಒಯ್ದ ಮುದುಕಿ.

ಹುಡುಗರು ಮಾದೇಶನನ್ನು ಎತ್ತಿಕೊಂಡು ಹೋದರು. ಗಾಳಿ ಇರಲಿಲ್ಲ. ಆದರೂ ಬ್ಯಾಸ್ಕೆಟ್ಟಿನ ಕಬ್ಬಿಣದ ಕಂಬ ಕಿರ್ರ್ ಎಂದು ಒಮ್ಮೆ ನರಳಿತು. ಯಾರೂ ಅತ್ತ ನೋಡಲಿಲ್ಲ. ಎಲ್ಲರಿಗೂ ಅವನ ಮಂಡಿಯದ್ದೇ ಚಿಂತೆ.

ಶೃತಿಯ ಅಪ್ಪ ಶಾಂತರಾಜಾಚಾರ್‌ಗೆ ಪೇಟೆಯಲ್ಲಿ ಸಣ್ಣದೊಂದು ಬೆಳ್ಳಿ ಅಂಗಡಿ. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಅಲ್ಲಿಗೆ ಬರುತ್ತಾರೆ. ಕಣ್ಣು ವಾಸಿಯಾದರೆ ಬೆಳ್ಳಿ ಕಣ್ಣು, ಕೈ ವಾಸಿಯಾದರೆ ಬೆಳ್ಳಿ ಕೈ. ಮೊದಲು ನೋವು, ಆಮೇಲೆ ಗುಣ, ಕೊನೆಗೆ ಹರಕೆ ತೀರಿಸುವುದು. ಚಿಕ್ಕಂದಿನಿಂದ ಅವಳು ಕಂಡಿದ್ದು ಇದೇ ಕ್ರಮ.

ಆದರೆ ಆ ಮುದುಕಿ?

"ಯಾರಿಗಜ್ಜಿ? ಪೂರ್ತಿ ವಾಸಿ ಆಯ್ತಾ?" ಎಂದು ಶೃತಿ ಅವತ್ತು ಸಹಜವಾಗಿ ಕೇಳಿದ್ದಳು.

ಮುದುಕಿ ಕಿವಿಗೆ ಕೈ ಅಡ್ಡ ಇಟ್ಟುಕೊಂಡು ಎರಡನೇ ಸಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು.

"ವಾಸಿ ಆಗಕೆ, ನೋವೇ ಇನ್ನೂ ಬಂದಿಲ್ಲ ಕಣವ್ವ."

ಆಗ ನಕ್ಕು ಸುಮ್ಮನಾಗಿದ್ದ ಹುಡುಗಿಗೆ ಈಗ ನಗು ಬರಲಿಲ್ಲ.

ಮಂಡಿ ವಾಸಿಯಾಗುತ್ತಾ ಬಂದಂತೆ ಮಾದೇಶ್ ಕುಂಟುತ್ತಾ ಅಂಗಡಿಗೇ ಬಂದ.

"ಅವತ್ತು ಕೈ ಜೋರಾಗಿ ಹಿಡ್ಕಬುಟ್ಟೆ. ನೋವಾಯ್ತೇನೋ ಅಂತ ಕೇಳನ ಅಂತ ಬಂದೆ."

"ಇಷ್ಟು ದಿನ ಆದ್ಮೇಲಾ?"

"ನಡ್ಯಕೆ ಬರ್ಬೇಕಲ್ಲ ಕಣ್ರಿ, ಕೇಳಕೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಮರುದಿನ ಅವನಿಗೊಂದು ನೆಪ ಸಿಕ್ಕಿತು. ಅದರ ಮರುದಿನ ನೆಪವೂ ಬೇಕಾಗಲಿಲ್ಲ. ಅಪ್ಪ ಕನ್ನಡಕದ ಮೇಲಿಂದ ನೋಡಿ, ನೋಡದವರಂತೆ ಕೆಲಸ ಮುಂದುವರಿಸಿದರು. ಅಪ್ಪಂದಿರಿಗೆ ಆ ವಿದ್ಯೆ ಚೆನ್ನಾಗಿ ಗೊತ್ತು!

ಆದರೆ ಮಾದೇಶ್ ಮತ್ತೆ ಆಟಕ್ಕಿಳಿದ ಮೇಲೆ ಚಿನ್ನಸ್ವಾಮಿಯ ಟೀ ಅಂಗಡಿಯಲ್ಲಿ ಬೇರೆಯೇ ಮಾತು. ಚಿನ್ನಸ್ವಾಮಿ ಕ್ಲಬ್ಬಿನ ದೊಡ್ಡ ಅಭಿಮಾನಿ. ಒಂದು ಆಟವನ್ನೂ ಬಿಟ್ಟವನಲ್ಲ.

"ಆಟ ಏನೋ ಚಿನ್ನದಂಗಾಡ್ತಾನೆ. ಆದ್ರೆ ಮೈ ತಡೀತದಾ?" ಎಂದು ಅವನೇ ಕೇಳುತ್ತಿದ್ದ.

"ಅರ್ಧ ಆಟ ಆಡ್ಸಿ ಕೂರಿಸ್ಬೇಕು ಕಣ್ಲಾ. ಇಲ್ದಿದ್ರೆ ಮುಂದಿನ ವರ್ಷಕ್ಕೆ ಉಳಿಯಕಿಲ್ಲ."

ಮಾದೇಶನಿಗೆ ಇದೆಲ್ಲ ಕೇಳಿಸುತ್ತಿತ್ತು. ಒಂದು ಸಂಜೆ ಶೃತಿಗೆ ಹೇಳಿಯೇಬಿಟ್ಟ.

"ನಾನು ಚೆಂಡು ಹಾಕಿದ್ರೆ ಯಾರೂ ಚೆಂಡು ನೋಡಕಿಲ್ಲ ಕಣ್ರಿ. ಕೆಳಕ್ ಇಳಿವಾಗ ಕಾಲ್ ನೋಡ್ತಾರೆ. ಇವ್ನು ಯಾವಾಗ ಮುರೀತಾನೆ ಅಂತ ಕಾಯ್ತಾ ಕುಂತಂಗಿರ್ತದೆ."

ತಾನೂ ನೋಡುತ್ತಿದ್ದದ್ದು ಅವನ ಕಾಲನ್ನೇ ಎಂದು ನೆನಪಾಗಿ ಶೃತಿ ತಲೆ ತಗ್ಗಿಸಿದಳು.

ಮುದುಕಿ ಮತ್ತೆ ಬಂದಳು. ಈ ಸಲ ಬಲಗೈ, ಮಣಿಕಟ್ಟಿನ ಮೇಲೆ ಚುಕ್ಕೆ.

ಯಾರಿಗೆ ಎಂದು ಕೇಳಲು ಶೃತಿಗೆ ಬಾಯಿ ಬರಲಿಲ್ಲ. ಕತ್ತರಿಸಿ ಕೊಟ್ಟಳು. ಹನೂರಿನವರ ಮೇಲಿನ ಆಟದಲ್ಲಿ ಮಾದೇಶನ ಬಲ ಮಣಿಕಟ್ಟು ಉಳುಕಿತು.

ಇದು ಕಾಕತಾಳೀಯ ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಅದು ಕೇಳಲಿಲ್ಲ. ಕತ್ತರಿ ಹಿಡಿದದ್ದು ನಾನೇ ಅಲ್ಲವೇ? ನಾನು ಕತ್ತರಿಸಿದ ಕಡೆಯೇ ಅವನಿಗೆ ನೋವಾಗುತ್ತಿದೆಯೇ?

ಕೈ ವಾಸಿಯಾಗಿ, ಯಳಂದೂರಿನವರ ಮೇಲೆ ಫೈನಲ್ ಎಂದು ಗೊತ್ತಾದ ವಾರ ಮುದುಕಿ ಮೂರನೇ ಸಲ ಬಂದಳು. ಕಣ್ಣು ಊದಿಕೊಂಡಿತ್ತು.

"ಈ ಸಲ ಕೈಯಲ್ಲ, ಕಾಲಲ್ಲ. ಇಡೀ ಆಳು ಮಾಡ್ಕೊಡವ್ವ."

"ಇಡೀ ಆಳು ಅಂದ್ರೆ?"

"ತಲೆಯಿಂದ ಕಾಲ್ಗಂಟ. ಉದ್ದಕಿರೋ ಆಳು."

ಶೃತಿ ಕತ್ತರಿಯನ್ನು ಕೆಳಗಿಟ್ಟಳು. "ಮಾಡಲ್ಲ ಅಜ್ಜಿ. ಇಲ್ಲಿಂದ ಹೋಗಿ" ಎಂದಳು.

ಮುದುಕಿ ಹೋದ ಮೇಲೆ ಅವಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ನೇರವಾಗಿ ಚಿನ್ನಸ್ವಾಮಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿದ್ದು ಭಯಕ್ಕೆ. ಆದರೆ ಕೇಳಿದವರ ಬಾಯಲ್ಲಿ ಅದು ಮಾಟವಾಯಿತು. ಬಸ್‌ ಸ್ಟ್ಯಾಂಡಿನಲ್ಲಿ ಅಭಿಮಾನಿಗಳು ಆ ಮುದುಕಿಯನ್ನು ಸುತ್ತುವರಿದು, ನಮ್ಮ ಹುಡುಗನಿಗೆ ಮಾಟ ಮಾಡಿಸ್ತೀಯಾ ಎಂದು ಬಾಯಿಗೆ ಬಂದಂತೆ ಬೈದರು.

ಸಂಜೆ ಮಾದೇಶ್ ಅಂಗಡಿಗೆ ಬಂದ. ಅವನ ಮುಖ ನೋಡಿಯೇ ಶೃತಿ ಎದ್ದು ನಿಂತಳು.

"ಅದು ನಮ್ಮಜ್ಜಿ ಕಣ್ರಿ."

"ಏನು?"

"ಚಿಕ್ಕಬಸಮ್ಮ. ಅವ್ವ ಅಪ್ಪ ಇಲ್ದ ನನ್ನ ಸಾಕ್ದೋಳು. ಅವ್ಳನ್ನ ಬಸ್‌ ಸ್ಟ್ಯಾಂಡಲ್ಲಿ ನಿಲ್ಲಿಸ್ಕಂಡು ಮಾಟಗಾತಿ ಅಂದ್ರಂತೆ. ಚಿನ್ನಸ್ವಾಮಿಗೆ ಏಳಿದ್ದು ನೀವಂತೆ..."

"ನಿಮಗೆ ಏನಾದ್ರೂ ಆಗುತ್ತೆ ಅಂತ ಭಯ ಆಯ್ತು, ಮಾದೇಶ್. ಅದಕ್ಕೇ..."

"ಎಲ್ರಿಗೂ ನನ್ ಬಗ್ಗೆ ಭಯ. ನಿಮಗಾದ್ರೂ ನನ್ ಮೇಲೆ ನಂಬ್ಕೆ ಐತೆ ಅನ್ಕಂಡಿದ್ದೆ."

ಅವನು ತಿರುಗಿ ನೋಡದೆ ಹೋದ. ಶೃತಿ ಅಂಗಡಿಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆಯೇ ಅಜ್ಜಿಯ ಊರಾದ ಮಧುವನಹಳ್ಳಿಯ ಬಸ್ ಹತ್ತಿದಳು. ಚಿಕ್ಕಬಸಮ್ಮ ಜಗುಲಿಯಲ್ಲಿ ಒಬ್ಬಳೇ ಕೂತಿದ್ದಳು. ಶೃತಿ ಕಾಲು ಹಿಡಿಯಲು ಬಗ್ಗಿದರೆ ಅಜ್ಜಿ ತಡೆದಳು.

"ಎದ್ದೇಳು ಮಗ. ಯಾರಾದ್ರೂ ಅಂಗೇ ಅನ್ಕತಾರೆ."

"ಯಾಕಜ್ಜಿ ನೋವಿಗೆ ಮುಂಚೆ ಹರಕೆ? ನಿಮಗೆ ಹೇಗೆ ಗೊತ್ತಾಗುತ್ತೆ?"

ಅಜ್ಜಿ ಬೀದಿಯ ಎರಡೂ ಕಡೆ ನೋಡಿ ಸ್ವರ ತಗ್ಗಿಸಿದಳು.

"ಅವ್ನೇ ನಂಗೆ ಏಳ್ತಾನೆ. ನಿದ್ದೇಲಿ."

ಶೃತಿಯ ತೋಳಿನ ರೋಮ ಎದ್ದು ನಿಂತಿತು.

"ಕಣ್ಮುಚ್ಕಂಡೇ ಇರ್ತಾನೆ. 'ಅಜ್ಜಿ, ಎಡ ಮಂಡಿ' ಅಂತಾನೆ. ಎದ್ಮೇಲೆ ಕೇಳುದ್ರೆ ಏನೂ ಗೊತ್ತಿಲ್ಲ. ಇದ್ನೆಲ್ಲ ಅವ್ನಿಗೆ ಏಳಿ ಎದ್ರಿಸ್ಬಾರ್ದು ಅಂತ ನಾನೂ ಸುಮ್ಕಾದೆ. ಮುಂಚೇನೆ ಒಪ್ಪಿಸ್ಬುಟ್ರೆ ಮಾದಪ್ಪ ತಪ್ಪಿಸ್ತಾನೇನೋ ಅಂತ ಆಸೆ. ತಪ್ಪಿಸ್ಲಿಲ್ಲ. ಆದ್ರೆ ಎರಡ್ ಸಲಾನೂ ಮಗ ಎದ್ದು ನಡುದ್ನಲ್ಲ..."

"ಈ ಸಲ ಏನಂದ್ರು?"

ಅಜ್ಜಿಯ ತುಟಿ ನಡುಗಿತು.

"'ಎಲ್ಲಾ ಓಯ್ತು ಅಜ್ಜಿ' ಅಂದ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದುವರಿಸಿದಳು.

"ಬೆಳ್ಳೀನ ತಲೆಯಿಂದ ಕಾಲ್ಗಂಟ ಅವ್ನ ಮೈಗೆ ಮುಟ್ಟಿಸಿ ಆಮೇಲೆ ಬೆಟ್ಟಕ್ಕೆ ಕಳಿಸ್ಬೇಕು. ಅವ್ನು ಮ್ಯಾಚು ಅಂತ ಟೌನಲ್ಲೇ ಉಳ್ಕಂಡವ್ನೆ. ನಾನು ಆ ಗ್ರೌಂಡ್ ತಾವ ಎಂಗ್ ಬರ್ಲಿ?"

"ನೀವು ಬರೋದು ಬೇಡ. ನಾನು ಮುಟ್ಟಿಸ್ತೀನಿ."

ಶೃತಿ ಅವತ್ತೇ ಇಡೀ ಆಳನ್ನು ಕತ್ತರಿಸಿದಳು. ಎಲ್ಲಿಯೂ ಚುಕ್ಕೆ ಹಾಕಲಿಲ್ಲ. ಇವನಿಗೆ ಏನಾದರೂ ಆದರೆ ಈ ಕೈಯಲ್ಲಿ ಮತ್ತೆ ಕತ್ತರಿ ಹಿಡಿಯಲಾರೆ ಎಂದು ಮನಸ್ಸಿನಲ್ಲೇ ಮಾದಪ್ಪನಿಗೆ ಹೇಳಿಕೊಂಡಳು.

ಭಾನುವಾರ ಫೈನಲ್. ಮೈದಾನ ತುಂಬಿತ್ತು. ಆಟಕ್ಕೆ ಮುಂಚೆ ಮಾದೇಶ್ ಒಬ್ಬನೇ ರಿಂಗಿನ ಕೆಳಗೆ ನಿಂತು ಚೆಂಡು ಹಾಕುತ್ತಿದ್ದ. ಅವನು ಜಿಗಿದಾಗಲೆಲ್ಲ ಜನ ಉಸಿರು ಬಿಗಿಹಿಡಿದು ಅವನ ಮಂಡಿ ನೋಡುತ್ತಿದ್ದರು. ಅವನ ಹಿಂದೆ ಕಂಬ ಮತ್ತೆ ಕಿರ್ರ್ ಎಂದಿತು.

ಶೃತಿ ಗೆರೆಯ ಹತ್ತಿರ ಬಂದು ನಿಂತಳು.

"ಮಾದೇಶ್, ಒಂದು ನಿಮಿಷ ಬನ್ನಿ."

ಅವನು ಒಮ್ಮೆ ನೋಡಿ ಮುಖ ತಿರುಗಿಸಿದ. ಚೆಂಡು ಎತ್ತಿಕೊಂಡ.

ಹೋಗಿಬಿಡಲೇ? ಎಲ್ಲರೂ ನೋಡುತ್ತಿದ್ದಾರೆ... ಕಾಲು ಹಿಂದೆ ಸರಿಯಿತು. ಆದರೆ ಅಜ್ಜಿಯ ನಡುಗುವ ತುಟಿ ಕಣ್ಣ ಮುಂದೆ ಬಂತು.

"ಅಜ್ಜಿ ಹತ್ರ ಹೋಗಿದ್ದೆ. ತಪ್ಪು ನಂದೇ. ನನ್ನ ಮೇಲೆ ಕೋಪ ಇದ್ರೆ ಇರಲಿ, ಅಜ್ಜಿಗೋಸ್ಕರ ಬನ್ನಿ!"

ಇಡೀ ಮೈದಾನಕ್ಕೆ ಕೇಳಿಸಿತು. ಮಾದೇಶ್ ಚೆಂಡನ್ನು ಅಲ್ಲೇ ಬಿಟ್ಟು ನಿಧಾನವಾಗಿ ನಡೆದು ಬಂದ.

ಅವಳು ಬೆಳ್ಳಿಯ ಆಳನ್ನು ಅವನ ಹಣೆಗೆ ಮುಟ್ಟಿಸಿದಳು. ಭುಜಕ್ಕೆ, ಎದೆಗೆ, ಮಣಿಕಟ್ಟಿಗೆ. ಬಗ್ಗಿ ಮಂಡಿಗೆ, ಪಾದಕ್ಕೆ.

ಬೆಳ್ಳಿ ಅವನ ಪಾದ ಮುಟ್ಟಿದಾಗ ಹಿಂದೆ ದೊಡ್ಡ ಸದ್ದಾಯಿತು. ನೆಲ ಅದುರಿತು.

ಮೆಟ್ಟಿಲ ಮೇಲಿದ್ದವರು ಒಟ್ಟಿಗೆ ಎದ್ದು ನಿಂತರು. ಬುಡದಲ್ಲಿ ತುಕ್ಕು ತಿಂದು ಟೊಳ್ಳಾಗಿದ್ದ ಕಂಬ, ಬೋರ್ಡು ರಿಂಗಿನ ಸಮೇತ, ಅವನು ನಿಂತಿದ್ದ ಜಾಗದಲ್ಲೇ ಮಕಾಡೆ ಬಿದ್ದಿತ್ತು. ಅವನು ಬಿಟ್ಟು ಬಂದ ಚೆಂಡು ಅದರಡಿ ಒಡೆದು ಚಪ್ಪಟೆಯಾಗಿತ್ತು.

ಇಷ್ಟು ದಿನ ಅವನ ಮೈಯ ಒಂದೊಂದು ಕೀಲನ್ನೂ ಲೆಕ್ಕ ಹಾಕಿದ ಊರು ಆ ಕಂಬದ ಬುಡವನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಚಿನ್ನಸ್ವಾಮಿ ಕೆಳಗಿಳಿದು ಬಂದ. "ಅಜ್ಜಿ ಎಲ್ಲವ್ಳೆ? ಕಾಲ್ ಹಿಡ್ಕಬೇಕು" ಎಂದು ಕಣ್ಣೊರೆಸಿಕೊಳ್ಳುತ್ತಾ ಬಸ್‌ ಹಿಡಿದು ಮಧುವನಹಳ್ಳಿಗೆ ಹೊರಟ.

ಫೈನಲ್ ಅವತ್ತು ನಡೆಯಲಿಲ್ಲ. ಮೈದಾನ ಖಾಲಿಯಾದ ಮೇಲೂ ಇಬ್ಬರೂ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಶೃತಿ ಎಲ್ಲವನ್ನೂ ಹೇಳಿದಳು. ತನ್ನ ನಿದ್ದೆಯ ಮಾತನ್ನು ಬೇರೆಯವರ ಬಾಯಿಂದ ಕೇಳಿ ಮಾದೇಶ್ ಬಿಳಿಚಿಕೊಂಡ.

"ನನ್ ಒಳಗೆ ಕುಂತು ಯಾರೋ ಮಾತಾಡ್ತಾರೆ ಅಂದಂಗಾಯ್ತು... ನಿಮಗೆ ನನ್ ಕಂಡ್ರೆ ಭಯ ಆಗಕಿಲ್ವಾ?"

"ಆಗುತ್ತೆ. ನಿಮ್ಮನ್ನ ಕಳ್ಕೋತೀನಿ ಅಂತ ಅದಕ್ಕಿಂತ ಜಾಸ್ತಿ ಭಯ ಆಯ್ತು. ನನಗೆ ನೀವು ಬೇಕು, ಮಾದೇಶ್. ಆಡಿದ್ರೂ ಸರಿ, ಕುಂಟಿದ್ರೂ ಸರಿ."

ಅವನು ಅವಳ ಕೈ ಹಿಡಿದ. ಈ ಸಲ ಮೆಲ್ಲಗೆ.

"ನಂಗೂ ಅಷ್ಟೇ ಕಣ್ರಿ. ಅವತ್ತು ಬಿದ್ದಾಗ ಕಾಲಿಗಿಂತ ಈ ಕೈ ಬಿಡಕೇ ಜಾಸ್ತಿ ನೋವಾಗಿದ್ದು."

ಅವಳ ಕಣ್ಣು ತುಂಬಿ ಬಂತು. ಬಿದ್ದ ಕಂಬವನ್ನು ನೋಡುತ್ತಾ ಅವನು ಕೇಳಿದ.

"ಮತ್ತೆ ನಿದ್ದೇಲಿ ಏನಾದ್ರೂ ಅಂದ್ರೆ? ಅಜ್ಜಿಗೆ ಕಿವಿ ಮಂದ ಆಯ್ತಾ ಅದೆ."

ಶೃತಿ ಅವನ ಭುಜಕ್ಕೆ ತಲೆ ಆನಿಸಿದಳು.

"ನನ್ನ ಕಿವಿ ಚೆನ್ನಾಗಿದೆ. ಪಕ್ಕದಲ್ಲೇ ಮಲಗಿರ್ತೀನಲ್ಲ, ಕೇಳಿಸುತ್ತೆ."