ಏರದೆ ಉಳಿದ ಗೆರೆ

ಕಂಬ ಹತ್ತುವವನೂ ಸೂಜಿಗೆ ಹೆದರಬಹುದೆಂದು ನನಗೆ ಗೊತ್ತಿರಲಿಲ್ಲ.

ಲೋಹಿತ್ ಶರ್ಟಿನ ತೋಳು ಮಡಚಿ, ಕೈಯನ್ನು ನನಗೆ ಒಪ್ಪಿಸಿ, ಮುಖವನ್ನು ಪೂರ್ತಿ ಆಚೆಗೆ ತಿರುಗಿಸಿ ಕುಳಿತಿದ್ದ. ವಿರಾಜಪೇಟೆಯಲ್ಲಿ ಅವನು ಲೈನ್‌ಮ್ಯಾನ್.

"ಹನ್ನೊಂದು ಸಾವಿರ ವೋಲ್ಟ್ ಹತ್ರ ಹೋಗ್ತೀರಿ, ಇಷ್ಟು ಸಣ್ಣ ಸೂಜಿಗೆ ಹೆದರ್ತೀರಾ?"

"ಕರೆಂಟ್ ಕಣ್ಣಿಗೆ ಕಾಣಲ್ಲ ಮೇಡಂ. ಸೂಜಿ ಕಾಣ್ತದಲ್ಲ."

ನಮ್ಮ ನರ್ಸ್ ನೀಲಾವತಿ ಅಕ್ಕ ನಗು ತಡೆಯಲಾರದೆ ಆಚೆ ಹೋದರು. ನಾನು ನಗಲಿಲ್ಲ. ನಕ್ಕರೆ ಕೈ ಅಲುಗುತ್ತಿತ್ತು.

ವಿರಾಜಪೇಟೆಯ ಆ ಎರಡು ಕೋಣೆಗಳನ್ನು ನಮ್ಮ ಅಧ್ಯಯನಕ್ಕೆಂದೇ ಬಾಡಿಗೆಗೆ ಹಿಡಿದಿದ್ದೆವು. ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ಯಾರನ್ನಾದರೂ ಕಳೆದುಕೊಂಡ ಮನೆಗಳವರು ಬಂದು ರಕ್ತ ಕೊಡುತ್ತಿದ್ದರು. ನಾನು ಪರೀಕ್ಷಿಸುತ್ತಿದ್ದುದು ಅದರೊಳಗಿನ ಪ್ಲೇಟ್‌ಲೆಟ್‌ಗಳನ್ನು. ಗಾಯವಾದಾಗ ಅವು ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುತ್ತವೆ. ಹೃದಯದ ನಾಳದೊಳಗೆ ಹಾಗೆ ಅಂಟಿಕೊಂಡರೆ ಪ್ರಾಣಕ್ಕೇ ಕುತ್ತು ಬರುತ್ತದೆ. 'ಬನ್ನಿ, ಅಂಟಿಕೊಳ್ಳಿ' ಎಂದು ಅವು ಒಂದನ್ನೊಂದು ಕರೆಯುವುದು ಪ್ರೋಸ್ಟಗ್ಲಾಂಡಿನ್ ಜಾತಿಯ ವಸ್ತುಗಳ ಮೂಲಕ. ಆಸ್ಪಿರಿನ್‌ನಂಥ ಮಾತ್ರೆ ಆ ಕರೆಯನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ರಕ್ತ ಕೊಡುವ ಮೊದಲು ಹತ್ತು ದಿನ ಯಾವ ನೋವಿನ ಮಾತ್ರೆಯನ್ನೂ ನುಂಗಬಾರದೆಂಬುದು ನಮ್ಮ ಕಟ್ಟುನಿಟ್ಟಿನ ನಿಯಮ.

ಅವನ ಪ್ಲೇಟ್‌ಲೆಟ್‌ಗಳಿಗೆ, ಅವು ಅಂಟಿಕೊಳ್ಳುವಂತೆ ಮಾಡುವ ಔಷಧಿಯ ಹನಿ ಹಾಕಿದಾಗ ಯಂತ್ರದ ಪರದೆಯ ಮೇಲೆ ಗೆರೆಯೊಂದು ಮೆಲ್ಲಗೆ ಮೇಲೇರತೊಡಗಿತು. ಅವನು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತ.

"ಇವು ನನ್ನವೇನಾ?"

"ನಿಮ್ಮವೇ. ಗೆರೆ ಚೆನ್ನಾಗಿದೆ. ಒಂದೊಂದೂ ಕೈ ಹಿಡ್ಕೊಳ್ತಾ ಇವೆ ನೋಡಿ."

ಹೇಳಿದ ಮೇಲೆ, ಇನ್ನೊಂದು ರೀತಿಯಲ್ಲಿ ಹೇಳಬಹುದಿತ್ತೇನೋ ಅನ್ನಿಸಿತು. ಇಬ್ಬರೂ ಪರದೆಯನ್ನೇ ನೋಡುತ್ತ ನಿಂತೆವು.

ಹದಿನೈದು ದಿನಕ್ಕೊಮ್ಮೆ, ಒಟ್ಟು ಮೂರು ಸಲ ಅವನು ಬರಬೇಕಿತ್ತು. ಎರಡನೆಯ ಸಲ ಬರುವ ಹಿಂದಿನ ದಿನ ನಾನು ಪಿಜಿಯಲ್ಲಿ ಮೂರು ಚೂಡಿದಾರ ಬದಲಾಯಿಸಿ ನೋಡಿದ್ದೆ. ಮೇಲೆ ಹೇಗಿದ್ದರೂ ಬಿಳಿ ಕೋಟು ಹಾಕುತ್ತೇನೆಂಬುದು ಆಮೇಲೆ ನೆನಪಾಯಿತು.

ಖಾಲಿ ಹೊಟ್ಟೆಯಲ್ಲಿ ಬಂದವನಿಗೆ ಎದುರಿನ ಅಂಗಡಿಯ ಚಹಾ, ಬನ್ನು ತರಿಸಿಕೊಟ್ಟೆ. ಆಗ ಅವನು ಅಪ್ಪನ ವಿಷಯ ಹೇಳಿದ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆ ಅವರದು. ಅಪ್ಪ ಪುಟ್ಟಸ್ವಾಮಿ ನಲವತ್ತನಾಲ್ಕಕ್ಕೆ ಶುಂಠಿ ಹೊಲದಲ್ಲೇ ಕುಸಿದು ಹೋಗಿದ್ದರು.

"ನಂಗೀಗ ಮೂವತ್ತೊಂದು. ಎರಡು ಸಂಬಂಧ ಬಂದ್ವು, ಬೇಡ ಅಂದೆ. ಯಾರನ್ನೋ ಕರ್ಕೊಂಡು ಬಂದು ಅರ್ಧ ದಾರೀಲಿ ಬಿಟ್ಟು ಹೋಗೋದ್ಯಾಕೆ?"

"ಅದನ್ನ ನನ್ನ ಮಷೀನು ಹೇಳಲ್ಲ ಲೋಹಿತ್. ಯಾರೂ ಹೇಳಲ್ಲ."

"ಗೊತ್ತು. ಆದ್ರೂ ನೀವು ಗೆರೆ ನೋಡಿ 'ಚೆನ್ನಾಗಿದೆ' ಅಂದ್ರಲ್ಲ, ಆವತ್ತಿಂದ ಚೆನ್ನಾಗಿ ನಿದ್ದೆ ಬರ್ತಿದೆ."

ಮಾತು ಬದಲಿಸಲು ಫ್ರೀಜರ್ ತೋರಿಸಿದೆ. ಅರವತ್ತೆರಡು ಜನರ ರಕ್ತದ ಪ್ಲಾಸ್ಮಾ, ಗೆರೆ ಏರಿಸುವ ಔಷಧಿ, ನನ್ನ ಎಂಟು ತಿಂಗಳ ದುಡಿಮೆ ಎಲ್ಲ ಅದರೊಳಗಿತ್ತು. "ನಿಮ್ಮ ಡಿಪಾರ್ಟ್‌ಮೆಂಟಿನೋರು ಕರೆಂಟ್ ತೆಗೆದ್ರೆ ನನ್ನ ಪಿಎಚ್‌ಡಿ ಕರಗಿ ಹೋಗುತ್ತೆ" ಎಂದೆ. "ತೆಗೆಯೋ ಮೊದಲು ಮೆಸೇಜ್ ಹಾಕ್ತೀನಿ ಬಿಡಿ" ಎಂದ. ಆ ನೆಪದಲ್ಲಿ ನನ್ನ ನಂಬರ್ ಅವನ ಫೋನಿಗೆ ಹೋಯಿತು. ಆಮೇಲೆ ಕರೆಂಟಿನ ಸುದ್ದಿಗಿಂತ ಬೇರೆ ಸುದ್ದಿಯೇ ಹೆಚ್ಚು ಬರತೊಡಗಿತು.

ಮೂರನೆಯ ಸಲಕ್ಕೆ ಎರಡು ದಿನ ಮೊದಲು ನಾನು ಭಾಗಮಂಡಲದ ಮನೆಗೆ ಹೋಗಿದ್ದೆ, ಅಣ್ಣನ ಮಗುವಿನ ನಾಮಕರಣಕ್ಕೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಮರುದಿನ ವಿರಾಜಪೇಟೆಗೆ ಮರಳುವ ಬಸ್ಸಿನಲ್ಲಿ ಲೋಹಿತನ ಮೆಸೇಜ್ ಬಂದಿಳಿಯಿತು: 'ಲೈನ್ ಮೇಲೆ ಮರ ಬಿದ್ದಿದೆ. ನಿಮ್ಮ ಬೀದಿಗೆ ಕರೆಂಟ್ ಕೊಡೋ ಫೀಡರ್ ಆಫ್ ಮಾಡ್ತಿದ್ದೀನಿ. ಜನರೇಟರ್ ಹಾಕಿಸಿ.' ಒಂದು ದಿನ ಹಳೆಯ ಮೆಸೇಜು.

ಬೀಗ ತೆಗೆದಾಗ ಫ್ರೀಜರಿನ ಕೆಳಗೆ ನೀರು ನಿಂತಿತ್ತು. ಒಳಗೆ ಎಲ್ಲವೂ ಮತ್ತೆ ಗಟ್ಟಿಯಾಗಿತ್ತು. ಒಮ್ಮೆ ಕರಗಿದ ಪ್ಲಾಸ್ಮಾ ಲೆಕ್ಕಕ್ಕಿಲ್ಲವೆಂದು, ಆ ಔಷಧಿ ಕೆಟ್ಟಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಟ್ಟೆ ತಂದು, ಮೊಣಕಾಲೂರಿ ನೀರು ಒರೆಸಿದೆ. ಉಷ್ಣತೆಯ ರಿಜಿಸ್ಟರಿನಲ್ಲಿ ಆ ಎರಡು ದಿನಗಳ ಎದುರಿಗೆ ಎಂದಿನಂತೆ 'ಮೈನಸ್ ಇಪ್ಪತ್ತು' ಎಂದು ಬರೆದು ಸಹಿ ಹಾಕಿದೆ. ಏನೂ ಆಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ನನ್ನ ಗೈಡ್ ಡಾ. ಉಷಾರಾಣಿ ಮೈಸೂರಿನಿಂದ ಬಂದರು, ಜೊತೆಗೆ ಅಧ್ಯಯನದ ಮೇಲ್ವಿಚಾರಣೆಯ ಕಮಿಟಿಯ ಇಬ್ಬರು. ಲೋಹಿತನ ಜೊತೆ ಅವನ ತಾಯಿ ಮುತ್ತಮ್ಮನೂ ಬಂದಿದ್ದರು. ಮನೆತನದ ಕಾಯಿಲೆಗಳ ವಿವರ ಬರೆಸಬೇಕಿತ್ತು. ಅವರು ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತರು.

ನಾನು ಹನಿ ಹಾಕಿದೆ. ಗೆರೆ ಏರಲಿಲ್ಲ. ಎರಡು ನಿಮಿಷ, ನಾಲ್ಕು ನಿಮಿಷ, ನೆಟ್ಟಗೆ ಮಲಗಿಯೇ ಇತ್ತು. ಬೇರೆ ಕಪಾಟಿನಲ್ಲಿಟ್ಟಿದ್ದ, ಆಸ್ಪಿರಿನ್‌ಗೆ ಬಗ್ಗದ ಇನ್ನೊಂದು ಔಷಧಿಗೆ ಮಾತ್ರ ಸರಿಯಾಗಿ ಏರಿತು.

"ಇದು ಆಸ್ಪಿರಿನ್ ತಗೊಂಡವರ ಗೆರೆ" ಎಂದರು ಉಷಾರಾಣಿ ಮೇಡಂ. ಅವನತ್ತ ತಿರುಗಿ, "ಮಾತ್ರೆ ಏನಾದ್ರೂ ನುಂಗಿದ್ರಾ?"

ಅವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಏನು ಕಂಡಿತೋ ಕಾಣೆ. ಮೇಡಂ ಕಡೆ ತಿರುಗಿ ಹೇಳಿದ:

"ಹೌದು ಮೇಡಂ. ಬೆನ್ನು ನೋಯ್ತಿತ್ತು. ಒಂದು ಮಾತ್ರೆ ತಗೊಂಡೆ."

ಮೇಡಂ ಬೈದರು. ಓದಿದವರಾಗಿ ಹೀಗೆ ಮಾಡಬಹುದೇ, ಒಬ್ಬರ ಸುಳ್ಳಿನಿಂದ ಎಷ್ಟು ಜನರ ಶ್ರಮ ಹಾಳು ಎಂದರು. ತೋಳಿನ ಮೇಲೆ ಹತ್ತಿ ಒತ್ತಿಕೊಂಡು, ತಲೆ ತಗ್ಗಿಸಿ ಅವನು ಕೇಳಿಸಿಕೊಂಡ. ಆಗ ನಾನೂ ಬಾಯಿ ತೆರೆದೆ.

"ಹೇಳಬೇಕಿತ್ತಲ್ವಾ ನೀವು?"

ಅಷ್ಟೇ ನಾನಾಡಿದ ಮಾತು. ಈಗಲೂ ಅದು ನೆನಪಾದರೆ ಕೂತಲ್ಲಿಂದ ಎದ್ದು ಎಲ್ಲಾದರೂ ಹೋಗಿಬಿಡೋಣ ಅನ್ನಿಸುತ್ತದೆ.

ಬಾಗಿಲ ಬಳಿ ಮುತ್ತಮ್ಮ ಎದ್ದು ನಿಂತಿದ್ದರು. "ಬೆನ್ನು ನೋವಾ ಮಗಾ? ಎದೆ ನೋವಾ?" ಬಂದು ಮಗನ ಭುಜ ಹಿಡಿದರು. "ನಿಮ್ಮಪ್ಪನೂ ಬೆನ್ನು ಅಂತ್ಲೇ ಅಂದಿದ್ರು. ಒಂದ್ ತಿಂಗಳು ಅಂಗಡಿ ಮಾತ್ರೆ ನುಂಗ್ಕೊಂಡೇ ಇದ್ರು, ನಂಗೆ ಗೊತ್ತಾಗ್ದಂಗೆ."

ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ. ಮೇಡಂ ಹೇಳಿದಂತೆ ಅವನ ಫೈಲಿನಲ್ಲಿ ಬರೆದೆ: 'ಸುಳ್ಳು ಮಾಹಿತಿ. ಕೈಬಿಡಲಾಗಿದೆ.' ಅಕ್ಷರ ಮುತ್ತಿನಂತೆ ಬಂದಿತ್ತು.

ಎಲ್ಲರೂ ಹೋದ ಮೇಲೆ ನೀಲಾವತಿ ಅಕ್ಕನಿಗೆ ನನ್ನ ತೋಳು ಚಾಚಿದೆ. "ನನ್ನ ರಕ್ತ ತೆಗೀರಿ ಅಕ್ಕ." ತಿಂಗಳಿಂದ ನಾನು ಒಂದು ಮಾತ್ರೆಯನ್ನೂ ಮುಟ್ಟಿರಲಿಲ್ಲ. ನನ್ನ ಗೆರೆಯೂ ಏರಲಿಲ್ಲ. ಅಕ್ಕ ಪರದೆ ನೋಡಿದರು, ನನ್ನನ್ನು ನೋಡಿದರು, ಬ್ಯಾಗು ತೆಗೆದುಕೊಂಡು ಹೊರಟುಹೋದರು.

ಎಂಟು ದಿನ ನಾನು ಅವನಿಗೆ ಫೋನ್ ಮಾಡಲಿಲ್ಲ. ಅವನದೂ ಬರಲಿಲ್ಲ. ಒಂಬತ್ತನೆಯ ದಿನ, ಅವನು ಎಲ್ಲಿ ಕೆಲಸದಲ್ಲಿದ್ದಾನೆಂದು ವಿಚಾರಿಸಿಕೊಂಡು ಬಿಟ್ಟಂಗಾಲಕ್ಕೆ ಹೋದೆ. ಎಸ್ಟೇಟಿನ ಗೇಟಿನ ಹತ್ತಿರ ಅವನು ಕಂಬದ ಮೇಲಿದ್ದ. ನನ್ನನ್ನು ಕಂಡರೂ ಕೆಲಸ ಮುಗಿಸಿಯೇ ಇಳಿದ.

"ಔಷಧಿ ಕೆಟ್ಟಿದ್ದು ಗೊತ್ತಿತ್ತಾ ನಿಮಗೆ?" ಎಂದೆ.

"ಫೀಡರ್ ಆಫ್ ಮಾಡಿದ್ದು ನಾನು. ಒಂಬತ್ತು ಗಂಟೆ ಕರೆಂಟಿರ್ಲಿಲ್ಲ. ಗೊತ್ತಾಗ್ದೆ ಇರ್ತದಾ?" ಬೆಲ್ಟ್ ಬಿಚ್ಚುತ್ತ ಹೇಳಿದ. "ನಿಮ್ಮ ಮುಖ ಬೆಳ್ಳಗಾಗಿತ್ತು. ನೋಡೋಕಾಗ್ಲಿಲ್ಲ, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಾನು ಹೇಳಿದ ಮೇಲೆ ನೀವು ತಡೀತೀರಿ ಅಂದ್ಕೊಂಡಿದ್ದೆ."

ಅವನು ಬೆಲ್ಟನ್ನು ಸುತ್ತಿ ಏಣಿಗೆ ನೇತುಹಾಕಿದ.

"ಬೈಸ್ಕೊಂಡಿದ್ದಕ್ಕೆ ಏನೂ ಇಲ್ಲ ಮೇಡಂ. ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ನಿಜ ಹೇಳಿದೆ. ನಂಬಲ್ಲ. ನಿಮ್ಮಪ್ಪನೂ ಏನಿಲ್ಲ ಏನಿಲ್ಲ ಅಂತಿದ್ರು ಅಂತಾರೆ. ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಉಸಿರು ಕೇಳ್ತಾರೆ."

"ನಾನು ಹೋಗಿ ಹೇಳ್ತೀನಿ."

"ಹೇಳಿದ್ರೆ ನಿಮ್ಮ ಓದು?"

"ಹೋಗ್ಲಿ ಬಿಡಿ" ಎಂದೆ. ಅವನು ಸಮಾಧಾನ ಹೇಳಲಿಲ್ಲ. ಏಣಿಯನ್ನು ಹೆಗಲಿಗೇರಿಸಿ ಜೀಪಿನ ಕಡೆ ನಡೆದ.

ಮೊದಲು ಮೈಸೂರಿಗೆ ಹೋದೆ. ಎಲ್ಲ ಕೇಳಿದ ಮೇಲೆ ಉಷಾರಾಣಿ ಮೇಡಂ ಕೇಳಿದ್ದು ಒಂದೇ: "ನೀರು ಒರೆಸಿದ್ದೂ ನೀನೇನಾ?"

"ಹೌದು ಮೇಡಂ."

"ಅರವತ್ತೆರಡು ಸ್ಯಾಂಪಲನ್ನೂ ಬಿಸಾಕು. ಕಮಿಟಿಗೆ ಬರೀತೀನಿ. ಅವರು ನಿನ್ನನ್ನ ಉಳಿಸ್ಕೊಂಡ್ರೂ ಮೊದಲಿಂದ ಶುರು ಮಾಡ್ಬೇಕು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹುಡುಗನ್ನ ಅವನ ತಾಯಿ ಎದುರಿಗೆ ಬೈದೆನಲ್ಲ ಕಾತ್ಯಾಯನಿ. ನನ್ನ ಕೈಲಿ ಅದನ್ನೂ ಮಾಡಿಸ್ದೆ ನೀನು." ಅವನ ಫೈಲಿನಲ್ಲಿ ನಾನು ಬರೆದ ಸಾಲನ್ನು ಅವರೇ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಿದರು.

ಭಾನುವಾರ ಕುಶಾಲನಗರದಲ್ಲಿ ಬಸ್ಸಿಳಿದು, ಆಟೊ ಹಿಡಿದು ಲೋಹಿತನ ಮನೆ ಹುಡುಕಿದೆ. ಮುತ್ತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹತ್ತು ದಿನಕ್ಕೆ ಇಷ್ಟು ಇಳಿದುಹೋಗಬಹುದೇ ಅನ್ನಿಸಿತು. ನಾನು ನಿಂತೇ ಎಲ್ಲ ಹೇಳಿದೆ. ಕೆಟ್ಟದ್ದು ನನ್ನ ಔಷಧಿ, ಮಗನ ರಕ್ತದಲ್ಲಿ ದೋಷವಿರಲಿಲ್ಲ, ಅವನು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ, ನನ್ನದೇ ರಕ್ತ ಹಾಕಿದರೂ ಗೆರೆ ಏರಲಿಲ್ಲ.

"ಎದೆ ನೋವಿಲ್ವಾ ಅವ್ನಿಗೆ?"

"ಆವತ್ತು ಅವರು ಹೇಳಿದ್ದು ನನ್ನನ್ನ ಉಳಿಸೋಕೆ ಅಮ್ಮ. ಆದ್ರೂ ಒಂದ್ಸಲ ಹೃದಯದ ಡಾಕ್ಟರಿಗೂ ತೋರಿಸೋಣ, ನಾನೇ ಕರ್ಕೊಂಡು ಹೋಗ್ತೀನಿ."

ಅವರ ಕೈಯಿಂದ ಕಾಯಿ ಜಾರಿತು. ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ನನ್ ಮಗನ ಮೇಲೆ ಮನಸ್ಸಿತ್ತಾ ನಿಂಗೆ?"

"ಇತ್ತು. ಈಗಲೂ ಇದೆ."

"ಮನಸ್ಸಿಟ್ಕೊಂಡೂ ಸುಮ್ನಿದ್ಯಾ?"

"ಸುಮ್ಮನಿದ್ದೆ" ಎಂದೆ.

"ಸಾಕು ಬಿಡಮ್ಮಾ." ಬಾಗಿಲಲ್ಲಿ ಲೋಹಿತ್ ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ.

ಮುತ್ತಮ್ಮ ಮೊರ ಎತ್ತಿಕೊಂಡು ಒಳಗೆ ಹೊರಟರು. ಹೊಸಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು: "ಮುದ್ದೆ ಮಾಡ್ತೀನಿ. ಉಂಡ್ಕೊಂಡು ಹೋಗ್ಲಿ."

ನಾವಿಬ್ಬರೂ ಹೊಲದ ಬದುವಿನವರೆಗೆ ನಡೆದೆವು. ಅವನೇ ಮೊದಲು ಮಾತಾಡಿದ.

"ನಾನೂ ದೊಡ್ಡ ಸಾಚಾ ಅಲ್ಲ ಮೇಡಂ. ಸುಳ್ಳು ಹೇಳ್ದಾಗ ಒಳಗೊಂದು ಆಸೆ ಇತ್ತು. ಇನ್ಮೇಲೆ ಇವ್ರು ನನ್ನ ಮರೆಯಲ್ಲ, ನಂಗೆ ಕಟ್ಟುಬಿದ್ದಿರ್ತಾರೆ ಅಂತ. ಅಮ್ಮ ಅಳೋದು ನೋಡ್ದಾಗೆಲ್ಲ ಅದು ನೆನಪಾಗಿ ಮುಖ ಎತ್ತೋಕಾಗ್ತಿರ್ಲಿಲ್ಲ."

"ಕಟ್ಟುಬಿದ್ದು ಬಂದಿಲ್ಲ ನಾನು."

"ಮತ್ತೆ?"

ಬದುವಿನ ಹುಲ್ಲು, ಅವನ ಚಪ್ಪಲಿ, ನನ್ನ ಚಪ್ಪಲಿ, ಅಷ್ಟನ್ನೇ ನೋಡುತ್ತಿದ್ದೆ.

"ನಿಮ್ಮ ಮುಖ ನೋಡೋಕಾಗ್ತಿಲ್ಲ ಲೋಹಿತ್. ನೋಡದೆ ಇರೋಕೂ ಆಗ್ತಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಹಂಗಾದ್ರೆ ನೋಡು" ಎಂದ.

ಅಲ್ಲಿಯವರೆಗೆ ನಾನು ಅವನಿಗೆ ಮೇಡಂ ಆಗಿದ್ದೆ, ನೀವು ಆಗಿದ್ದೆ. ನಾನು ತಲೆ ಎತ್ತಿದೆ.